ಪೊಟ್ಟಣದ ಮೇಲೆ ಮೋರೀನ್ ಹೆಸರು

ತಿಪಟೂರು
12 ಅಕ್ಟೋಬರ್ 2020

ಚಿ. ಇಂಚರಾಳಿಗೆ,

ಚಂದ್ರಾವತಿಯ ಆಶೀರ್ವಾದಗಳು. ಅಭ್ಯಾಸಬಲದಿಂದ ಕೈ ‘ಚಿ. ಸೌ.’ ಎಂದು ಬರೆದುಬಿಟ್ಟಿತ್ತು, ‘ಸೌ’ ಹೊಡೆದುಹಾಕಿದ್ದೇನೆ. ಆ ಗೀಟು ಕಂಡರೆ ತಪ್ಪು ತಿಳಿಯಬೇಡ. ನಿನಗೂ ನನ್ನ ಮಗ ಹೃಷಿಕೇಶನಿಗೂ ವಿಚ್ಛೇದನವಾಗಿ ಮೂರು ವರ್ಷವಾದ ಮೇಲೆ ಅತ್ತೆಯಾದವಳು ಸೊಸೆಗೆ ಯಾವ ಒಕ್ಕಣೆಯಲ್ಲಿ ಬರೆಯಬೇಕೆಂದು ನನಗೆ ಯಾರೂ ಕಲಿಸಿಲ್ಲ.

ಫೋನ್ ಮಾಡಬಹುದಿತ್ತು. ಮಾಡಿದರೆ ಇಬ್ಬರೂ ‘ಮತ್ತೆ? ಮತ್ತೆ?’ ಎನ್ನುತ್ತಾ ಕೂರುತ್ತೇವೆ, ಕೊನೆಗೆ ನನಗೆ ಅಳು ಬರುತ್ತದೆ. ಅದಕ್ಕೇ ಕಾಗದ. ನಮ್ಮಲ್ಲಿ ಕೆಲಸ ಮಾಡುವ ಗಂಗಮ್ಮ ಇದರ ಫೋಟೋ ತೆಗೆದು ನಿನ್ನ ಫೋನಿಗೆ ಕಳಿಸುತ್ತಾಳೆ. ನೀನೂ ಬರೆದೇ ಕಳಿಸು. ಪೇಟೆಯಲ್ಲಿ ಪ್ರಿಂಟ್ ತೆಗೆಸಿಕೊಂಡು ನಿಧಾನವಾಗಿ ಓದುತ್ತೇನೆ.

ವಿಷಯಕ್ಕೆ ಬರುತ್ತೇನೆ. ನೀನಿದ್ದಾಗ ಅಡುಗೆಮನೆಯ ಮೂಲೆಯಲ್ಲಿ ಮಾಡುತ್ತಿದ್ದ ಕೊಬ್ಬರಿ ಚಟ್ನಿಪುಡಿ ಈಗ ಹಿತ್ತಲ ಶೆಡ್ಡಿಗೆ ಬಂದಿದೆ. ಗಂಗಮ್ಮನನ್ನು ಸೇರಿಸಿ ಎಂಟು ಜನ ಹೆಂಗಸರು ಹುರಿದು, ಪುಡಿ ಮಾಡಿ, ಪ್ಯಾಕ್ ಮಾಡುತ್ತಾರೆ. ಮದುವೆಮನೆ, ಹಾಸ್ಟೆಲ್ಲು, ಹೋಟೆಲ್ಲು ಎಂದು ಚೆನ್ನಾಗಿ ನಡೆದಿತ್ತು. ಮಾರ್ಚ್‌ನಿಂದ ಎಲ್ಲಕ್ಕೂ ಬೀಗ. ಉಳಿದಿರುವುದು ಲಂಡನ್ನಿನ ವ್ಯಾಪಾರಿ ಸತ್ಯಪ್ರಕಾಶ್ ತರಿಸಿಕೊಂಡು ನಿಮ್ಮ ಐರ್ಲೆಂಡಿನ ಅಂಗಡಿಗಳಿಗೆ ಹಾಕುವ ಮಾಲೊಂದೇ. ಅವರು ಮೊನ್ನೆ ಫೋನ್ ಮಾಡಿದ್ದರು. ಜನವರಿಯಿಂದ ಬ್ರಿಟನ್ನು ಯೂರೋಪಿನ ಲೆಕ್ಕದಿಂದ ಪೂರ್ತಿ ಹೊರಗಂತೆ. ಪೊಟ್ಟಣದ ಮೇಲೆ ಲಂಡನ್ ವಿಳಾಸ ಇದ್ದರೆ ಐರ್ಲೆಂಡಿನಲ್ಲಿ ಮಾರುವಂತಿಲ್ಲವಂತೆ. ಅಲ್ಲೇ ಇರುವ, ನಾಳೆ ಏನಾದರೂ ಆದರೆ ಉತ್ತರ ಕೊಡುವ ಒಬ್ಬರ ಹೆಸರು, ವಿಳಾಸ ಬೇಕೇಬೇಕಂತೆ.

“ಅಲ್ಲಿ ನಿಮ್ಮೋರು ಅಂತ ಯಾರಾದ್ರೂ ಇದಾರಾ ಅಮ್ಮಾ?” ಅಂತ ಕೇಳಿದರು.

“ಇದಾಳೆ” ಅಂದುಬಿಟ್ಟೆ. ಫೋನ್ ಇಟ್ಟ ಮೇಲೆ ಯಾರನ್ನು ನೆನೆದು ಹಾಗಂದೆ ಅಂತ ನನಗೇ ಗಾಬರಿಯಾಯಿತು.

ಐರ್ಲೆಂಡಿನ ಮಾಲೂ ನಿಂತರೆ ಈ ಎಂಟು ಜನರನ್ನು ಮನೆಗೆ ಕಳಿಸಬೇಕು. ಮನೆಯಲ್ಲಿ ಅವರ ಗಂಡಂದಿರೂ ಕೆಲಸವಿಲ್ಲದೆ ಕೂತಿದ್ದಾರೆ. ಕೇಳುವ ಹಕ್ಕು ನನಗಿಲ್ಲ, ಆದರೂ ಕೇಳುತ್ತಿದ್ದೇನೆ. ಆಗದು ಎಂದರೆ ನಾನು ಮುಖ ಊದಿಸಿಕೊಳ್ಳುವುದಿಲ್ಲ. ಸ್ವಲ್ಪ ಊದಿಸಿಕೊಂಡರೂ ಅಷ್ಟು ದೂರದಿಂದ ನಿನಗೆ ಕಾಣುವುದಿಲ್ಲ.

ಇಂತಿ,
ಚಂದ್ರಾವತಿ

*

ನೇಸ್, ಕಿಲ್ಡೇರ್
25 ಅಕ್ಟೋಬರ್ 2020

ಅತ್ತೆಗೆ ನಮಸ್ಕಾರಗಳು.

‘ಅತ್ತೆ’ ಎಂದು ಕರೆಯಬಾರದೆಂದು ಕೋರ್ಟಿನ ಆದೇಶದಲ್ಲಿ ಎಲ್ಲೂ ಇಲ್ಲ. ಬೇಕೆಂದೇ ತೆಗೆದು ನೋಡಿದೆ.

ಹಕ್ಕಿನ ಮಾತು ಬಿಡಿ. ನಾನು ಮೈಸೂರಿನ ನಿಮ್ಮ ಮಗನ ಮನೆಯಿಂದ ಒಂದೇ ಚೀಲ ಹಿಡಿದು ಹೊರಟಾಗ, ಮಾರ್ಕ್ಸ್‌ಕಾರ್ಡುಗಳನ್ನೆಲ್ಲ ಜೋಡಿಸಿ ಬಸ್‌ಸ್ಟ್ಯಾಂಡಿಗೆ ತಂದು ಕೈಗಿಟ್ಟವರು ನೀವೊಬ್ಬರೇ. “ಮೊದ್ಲು ಓದು. ಅಳೋದೆಲ್ಲ ಆಮೇಲೆ ಇಟ್ಕೋ” ಅಂದಿರಿ. ಓದಿದೆ. ಎಂ.ಎಸ್ಸಿ. ಮುಗಿಸಿ, ಆಸ್ಪತ್ರೆಗಳಿಗೆ ಸಾಮಾನು ಒದಗಿಸುವ ಒಂದು ಕಂಪನಿಯಲ್ಲಿ ಕೆಲಸ ಹಿಡಿದು, ಐರ್ಲೆಂಡಿನ ಈ ನೇಸ್ ಊರಿನಲ್ಲಿ ಬಾಡಿಗೆಗಿದ್ದೇನೆ. ಈ ಮಾತನ್ನು ಮೂರು ವರ್ಷದಿಂದ ನಿಮಗೆ ಹೇಳಬೇಕೆಂದಿದ್ದೆ. ಹೇಗೆ ಶುರುಮಾಡುವುದೆಂದು ತಿಳಿಯದೆ ಸುಮ್ಮನಿದ್ದೆ. ನಿಮ್ಮ ಚಟ್ನಿಪುಡಿಯೇ ಶುರುಮಾಡಿಸಿತು.

ಒಂದು ತೊಡಕಿದೆ. ನಾನು ವರ್ಕ್ ಪರ್ಮಿಟ್ ಮೇಲಿರುವವಳು. ಕೆಲಸ ಬಿಟ್ಟು ಬೇರೆ ವ್ಯಾಪಾರ ಮಾಡುವಂತಿಲ್ಲ. ನನ್ನ ಹೆಸರು ಹಾಕಿದರೆ ನಾಳೆ ನನ್ನ ವೀಸಾಕ್ಕೇ ಕುತ್ತು. ಎರಡು ದಿನ ಕೈಚೆಲ್ಲಿ ಕೂತಿದ್ದೆ. ಆಮೇಲೆ ಪಕ್ಕದ ಮನೆಯ ಮೋರೀನ್‌ಗೆ ಹೇಳಿದೆ.

ಮೋರೀನ್‌ಗೆ ಎಪ್ಪತ್ತೆರಡು ವರ್ಷ. ಗಂಡ ಇಲ್ಲ. ಮಗ ಡೆಕ್ಲನ್ ಕಾರ್ಕ್ ಕಡೆ ಡಗ್ಲಸ್‌ನಲ್ಲಿದ್ದಾನೆ. ಇದೇ ಊರಿನ ದೊಡ್ಡ ಬೀದಿಯಲ್ಲಿ ಅವರು ಬಹಳ ವರ್ಷ ಉಲ್ಲನ್, ಗುಂಡಿ, ದಾರ ಮಾರುವ ಅಂಗಡಿ ನಡೆಸಿದವರು. ಈ ಏಪ್ರಿಲ್‌ನಲ್ಲಿ ಎಪ್ಪತ್ತು ದಾಟಿದವರು ಯಾರೂ ಮನೆ ಬಿಟ್ಟು ಹೊರಡಬಾರದೆಂದು ಸರ್ಕಾರ ಹೇಳಿದಾಗ ಅವರ ಸಾಮಾನು ನಾನು ತಂದುಕೊಟ್ಟೆ. ಅಂದಿನಿಂದ ನಮ್ಮಿಬ್ಬರ ಮಾತುಕತೆ ಬೇಲಿಯ ಮೇಲೆ. ಈ ಊರಿನಲ್ಲಿ ನನ್ನನ್ನು ‘ಊಟ ಆಯ್ತಾ’ ಎಂದು ಕೇಳುವವರು ಅವರೊಬ್ಬರೇ ಎಂದರೆ ನಿಮಗೆ ಅರ್ಥವಾಗುತ್ತದೆ.

“ನನ್ ಹೆಸ್ರು ಹಾಕ್ಬಹುದಲ್ಲ. ನನ್ ಗ್ಯಾರೇಜ್ ಖಾಲಿ ಇದೆ, ನಾನೂ ಖಾಲಿ ಇದೀನಿ” ಅಂದರು. ಆಹಾರ ಇಲಾಖೆಯ ನೋಂದಣಿಯನ್ನೆಲ್ಲ ತಾವೇ ಮಾಡಿಸುತ್ತಾರಂತೆ. ಕೇಳಿದ್ದು ಒಂದೇ ಪ್ರಶ್ನೆ: ಪುಡಿಯಲ್ಲಿ ಗೋಧಿ ಇದೆಯೇ? ಅವರಿಗೆ ಸೀಲಿಯಾಕ್ ಎಂಬ ಕಾಯಿಲೆ. ಈ ದೇಶದಲ್ಲಿ ಬಹಳ ಜನಕ್ಕಿದೆ. ಗೋಧಿ ಚೂರು ಹೋದರೂ ಕರುಳು ಕೆಡುತ್ತದೆ. ನಾನು ಇಲ್ಲ ಅಂದೆ. ನೀವೂ ಒಂದು ಮಾತು ಹೇಳಿಬಿಡಿ.

ನಿಮ್ಮ,
ಇಂಚರಾ

*

ತಿಪಟೂರು
9 ನವೆಂಬರ್ 2020

ಚಿ. ಇಂಚರಾ,

ನಿನ್ನ ಕಾಗದ ಓದಿ ಕಣ್ಣೊರೆಸಿಕೊಂಡೆ. ಮೆಣಸಿನಕಾಯಿ ಕೈ ಎಂದು ಆಮೇಲೆ ನೆನಪಾಯಿತು. ಅರ್ಧ ದಿನ ಕಣ್ಣು ಬಿಡಲಾಗಲಿಲ್ಲ.

ಆ ತಾಯಿಗೆ ಹೇಳು: ಚಟ್ನಿಪುಡಿಗೆ ಯಾರಾದರೂ ಗೋಧಿ ಹಾಕುತ್ತಾರೆಯೇ? ನಮ್ಮ ಶೆಡ್ಡಿನೊಳಕ್ಕೆ ಗೋಧಿಯ ಒಂದು ಕಾಳೂ ಬಂದಿಲ್ಲ. ಮನೆದೇವರ ಆಣೆಯಾಗಿ ಹೇಳುತ್ತೇನೆ. ಹೆಂಗಸರಿಗೆ ಮೋರೀನಮ್ಮನ ಹೆಸರು ಓದಿ ಹೇಳಿದೆ. ಗಂಗಮ್ಮ, “ಅಕ್ಕಾ, ನಮ್ ಮುಖಾನೇ ನೋಡಿಲ್ಲ, ಹೆಂಗ್ ಒಪ್ಕೊಂಡ್ರು?” ಅಂದಳು. ನಾನೂ ಅದನ್ನೇ ಯೋಚಿಸುತ್ತಿದ್ದೇನೆ. ಗುರುತು ಪರಿಚಯವಿಲ್ಲದವರ ಮಾಲಿಗೆ ಸ್ವಂತ ಹೆಸರು ಕೊಡಲು ನಮ್ಮೂರಿನಲ್ಲಿ ಯಾರೂ ಮುಂದೆ ಬರುವುದಿಲ್ಲ. ನಾನಂತೂ ಬರುತ್ತಿರಲಿಲ್ಲ.

ಹೊಸ ಪೊಟ್ಟಣ ಅಚ್ಚಿಗೆ ಹೋಗಿದೆ. ದೀಪಾವಳಿಗೆ ಹೋಳಿಗೆ ಮಾಡಿಕೋ, ಒಬ್ಬಳೇ ಎಂದು ಸುಮ್ಮನಿರಬೇಡ.

ಇಂತಿ,
ಚಂದ್ರಾವತಿ

*

ನೇಸ್
30 ಜನವರಿ 2021

ಅತ್ತೆಗೆ ನಮಸ್ಕಾರಗಳು.

ಪೆಟ್ಟಿಗೆಗಳು ಬಂದವು. ಇಲ್ಲಿ ಮತ್ತೆ ಲಾಕ್‌ಡೌನ್, ಮನೆಯಿಂದ ಐದು ಕಿಲೋಮೀಟರ್ ದಾಟುವಂತಿಲ್ಲ, ಆದರೆ ಆಹಾರದ ಸಾಗಣೆಗೆ ಅಡ್ಡಿಯಿಲ್ಲ. ಡಬ್ಲಿನ್ ಅಂಗಡಿಯ ಉಲ್ಲಾಸ್ ವ್ಯಾನು ತಂದು ಅರ್ಧ ಮಾಲು ಒಯ್ದರು. ಮಿಕ್ಕಿದ್ದು ಗ್ಯಾರೇಜಿನಲ್ಲಿದೆ. ಆ ಗ್ಯಾರೇಜನ್ನು ಮೋರೀನ್ ಎಷ್ಟು ತೊಳೆದಿದ್ದಾರೆಂದರೆ, ತಪಾಸಣೆಗೆ ಬಂದ ಅಧಿಕಾರಿ ಒಳಗೆ ಬರುವ ಮುಂಚೆ ಬೂಟು ಒರೆಸಿಕೊಂಡ.

ಪೊಟ್ಟಣ ಕೈಗೆ ಕೊಟ್ಟಾಗ ಕನ್ನಡಕ ತಂದು ಹಾಕಿಕೊಂಡು ತಮ್ಮ ಹೆಸರು ಓದಿಕೊಂಡರು. ಮತ್ತೆ ಓದಿಕೊಂಡರು. “ಗ್ರ್ಯಾಂಡ್” ಅಂದರು. ಇಲ್ಲಿಯ ಜನ ಚೆನ್ನಾಗಿದೆ, ಸರಿ, ಪರವಾಗಿಲ್ಲ, ಸಾಕು, ಎಲ್ಲಕ್ಕೂ ಆ ಒಂದೇ ಮಾತು ಹೇಳುತ್ತಾರೆ. ನನ್ನ ಬಾಯಿಗೂ ಅದು ಹತ್ತಿದೆ.

ಅವರು ನಿಮ್ಮ ಪುಡಿ ತಿನ್ನುವ ರೀತಿ ಕೇಳಿದರೆ ನೀವು ಬೈಯುತ್ತೀರಿ. ಬೇಯಿಸಿದ ಆಲೂಗಡ್ಡೆಯನ್ನು ಕಿವುಚಿ, ಬೆಣ್ಣೆ ಹಾಕಿ, ಮೇಲೆ ಎರಡು ಚಮಚ ಚಟ್ನಿಪುಡಿ! ದಿನಾ. ಮೊನ್ನೆ ಲಿಮರಿಕ್‌ನಿಂದ ನಮ್ಮ ಕಡೆಯ ಹುಡುಗನೊಬ್ಬ ಪೊಟ್ಟಣದ ಮೇಲಿನ ನಂಬರಿಗೆ ಫೋನ್ ಮಾಡಿ, ಇದಕ್ಕೆ ಎಳ್ಳೆಣ್ಣೆ ಚೆನ್ನಾಗಿರುತ್ತದೋ ಕಡಲೆಕಾಯಿ ಎಣ್ಣೆಯೋ ಎಂದು ಕೇಳಿದನಂತೆ. “ಬೆಣ್ಣೆ” ಅಂತ ಕಟ್ಟುನಿಟ್ಟಾಗಿ ಹೇಳಿ ಫೋನ್ ಇಟ್ಟರು.

ಅವರು ಖುಷಿಯಾಗಿದ್ದಾರೆ, ಅತ್ತೆ. ನಾನೂ.

ನಿಮ್ಮ,
ಇಂಚರಾ

*

ನೇಸ್
20 ಮಾರ್ಚ್ 2021

ಅತ್ತೆಗೆ,

ಮೋರೀನ್‌ಗೆ ಹುಷಾರಿಲ್ಲ. ಒಂದು ತಿಂಗಳಿನಿಂದ ಹೊಟ್ಟೆನೋವು, ಭೇದಿ, ಸುಸ್ತು. ಕೋವಿಡ್ ಎಂದು ಹೆದರಿದ್ದೆವು, ಅಲ್ಲ. ಮೈಮೇಲೆ ಬಟ್ಟೆ ನಿಲ್ಲದಷ್ಟು ಇಳಿದುಹೋಗಿದ್ದಾರೆ. ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿ, ಎಲ್ಲಿಂದಲೋ ಗೋಧಿ ಹೊಟ್ಟೆಗೆ ಹೋಗುತ್ತಿದೆ ಅಂದರಂತೆ. ಈಚೆಗೆ ಹೊಸದಾಗಿ ಏನು ತಿನ್ನುತ್ತಿದ್ದೀರಿ ಎಂದು ಕೇಳಿದರಂತೆ. ಹೊಸದು ಒಂದೇ.

ನೀವು ಆಣೆ ಮಾಡಿ ಹೇಳಿದ್ದೀರಿ, ನನಗೆ ಅನುಮಾನವಿಲ್ಲ. ಆದರೂ ಪುಡಿಗೆ ಬೀಳುವ ಪ್ರತಿಯೊಂದನ್ನೂ ಒಂದೂ ಬಿಡದೆ ಬರೆದು ಕಳಿಸಿ. ನನಗೆ ತುಂಬಾ ಭಯವಾಗಿದೆ.

ಇಂಚರಾ

*

ತಿಪಟೂರು
23 ಮಾರ್ಚ್ 2021

ಇಂಚರಾ,

ಅನುಮಾನವಿಲ್ಲ ಎಂದು ಬರೆದು, ಮುಂದಿನ ಸಾಲಿನಲ್ಲೇ ಪರೀಕ್ಷೆ ಇಟ್ಟಿದ್ದೀಯ. ಬರೆದುಕೋ. ಕೊಬ್ಬರಿ, ಕಡಲೆಬೇಳೆ, ಉದ್ದಿನಬೇಳೆ, ಬ್ಯಾಡಗಿ ಮೆಣಸಿನಕಾಯಿ, ಹುಣಸೆಹಣ್ಣು, ಬೆಲ್ಲ, ಕರಿಬೇವು, ಸಾಸಿವೆ, ಇಂಗು, ಉಪ್ಪು, ಎಣ್ಣೆ. ಎಲ್ಲಿದೆ ಗೋಧಿ, ತೋರಿಸು. ಮದುವೆಯಾಗಿ ಬಂದ ವರ್ಷದಿಂದ ಮಾಡುತ್ತಿರುವ ಪುಡಿ ಇದು. ಈ ಪುಡಿ ತಿಂದು ಯಾರೂ ಹಾಸಿಗೆ ಹಿಡಿದಿಲ್ಲ. ಅಲ್ಲಿಯ ಅಂಗಡಿಯಿಂದ ತಂದದ್ದು ಏನೇನು ತಿಂದರೆಂದು ಅವರನ್ನೇ ಕೇಳು.

ಅವರಿಗೆ ಈಗ ಹೇಗಿದೆ? ಮೊದಲ ಸಾಲಿನಲ್ಲೇ ಕೇಳಬೇಕಿತ್ತು, ಸಿಟ್ಟಿನಲ್ಲಿ ಮರೆತೆ.

ಚಂದ್ರಾವತಿ

*

ತಿಪಟೂರು
26 ಮಾರ್ಚ್ 2021

ಚಿ. ಇಂಚರಾ,

ತಪ್ಪು ನಮ್ಮದೇ. ಗೋಧಿ ನಮ್ಮ ಪುಡಿಯಲ್ಲೇ ಇದೆ.

ನಿನ್ನೆ ಏಕಾದಶಿ. ನಮ್ಮ ಅತ್ತೆಯವರ ಕಾಲದಿಂದ ಆ ದಿನ ಈ ಮನೆಯಲ್ಲಿ ಧಾನ್ಯ ಮುಟ್ಟುವುದಿಲ್ಲ, ನೀನು ನೋಡಿದ್ದೀಯ. ಸಬ್ಬಕ್ಕಿಗೆ ಒಗ್ಗರಣೆ ಹಾಕಲು ನಿಂತಿದ್ದೆ. ಕೈ ಇಂಗಿನ ಡಬ್ಬಿಯನ್ನು ದಾಟಿ ಜೀರಿಗೆಗೆ ಹೋಯಿತು. ಏಕಾದಶಿಗೆ ಅದು ಯಾವತ್ತೂ ಹಾಗೇ ಹೋಗುತ್ತದೆ. ಹೊಸ ಸೊಸೆಯಾಗಿದ್ದಾಗ ಒಮ್ಮೆ ಇಂಗು ಹಾಕಹೋಗಿ ಅತ್ತೆಯಿಂದ ಕೈಮೇಲೆ ಏಟು ತಿಂದಿದ್ದೆ. ಮಡಿಯ ವಿಷಯ ಇರಬೇಕೆಂದುಕೊಂಡು ಸುಮ್ಮನಾಗಿದ್ದೆ. ಯಾಕೆ ಹಾಕಬಾರದು ಎಂಬ ಪ್ರಶ್ನೆ ನಿನ್ನೆ ಒಲೆಯ ಮುಂದೆ ಮೊದಲ ಸಲ ಬಂತು. ಒಲೆ ಆರಿಸಿ, ಚಪ್ಪಲಿ ಮೆಟ್ಟಿಕೊಂಡು ಅನಂತಕೃಷ್ಣನ ದಿನಸಿ ಅಂಗಡಿಗೆ ಹೋದೆ. ನಮಗೆ ಗಟ್ಟಿ ಇಂಗು ತೂಕಮಾಡಿ ಕೊಡುವವನು ಅವನೇ.

“ಅಕ್ಕಾ, ಬರೀ ಇಂಗು ಯಾರ್ ತಿಂತಾರೆ? ನಾಲಿಗೆ ಸುಟ್ಟೋಗುತ್ತೆ. ಮೈದಾ, ಅಂಟು ಎಲ್ಲ ಸೇರ್ಸೇ ಕಟ್ಟೋದು. ಅದಕ್ಕೇ ಅಲ್ವಾ ನಿಮ್ ಅತ್ತೆಯೋರು ಏಕಾದಶಿಗೆ ಇಂಗು ಮುಟ್ತಿರ್ಲಿಲ್ಲ” ಅಂದ. ಎಲ್ಲರಿಗೂ ಗೊತ್ತಿರುವ ವಿಷಯ ಎನ್ನುವ ಹಾಗೆ ಹೇಳಿ ಬೇರೆ ಗಿರಾಕಿಗೆ ಬೇಳೆ ತೂಗಲು ಹೋದ. ನಾನು ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟೆ.

ದೇವರ ಆಣೆ ಮಾಡಿದ್ದೆನಲ್ಲ ಇಂಚರಾ! ನಮ್ಮನ್ನು ನಂಬಿ ಹೆಸರು ಕೊಟ್ಟವರಿಗೆ ನಮ್ಮ ಕೈಯಾರೆ ದಿನವೂ ವಿಷ ಹಾಕಿದ ಹಾಗಾಯಿತು. ನನಗೆ ಅನ್ನ ಇಳಿಯುತ್ತಿಲ್ಲ.

ಒಂದು ಪೊಟ್ಟಣವೂ ಅಂಗಡಿಯಲ್ಲಿ ಉಳಿಯಬಾರದು. ಎಲ್ಲವನ್ನೂ ವಾಪಸು ತೆಗೆಸು. ಉಲ್ಲಾಸನಿಗೆ, ಆಹಾರ ಇಲಾಖೆಗೆ, ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡಿ. ಗಂಗಮ್ಮ, “ಅಕ್ಕಾ, ಅವ್ರೊಬ್ರಿಗೆ ತಾನೇ ಆಗಿಬರ್ದೇ ಇರೋದು? ಮಿಕ್ಕೋರೆಲ್ಲ ಚೆನ್ನಾಗೇ ಇದಾರಲ್ಲ. ಹೇಳ್ಲೇಬೇಕಾ?” ಅಂದಳು. ಕೇಳಿದ್ದು ತಪ್ಪಲ್ಲ, ಅವಳ ಮನೆ ನಡೆಯುವುದು ಅವಳೊಬ್ಬಳ ದುಡಿಮೆಯಿಂದ. “ಹೇಳ್ಲೇಬೇಕು ಕಣೇ. ಅವ್ರಂಥೋರು ಇನ್ಯಾರ್ ತಿಂತಿದಾರೋ ನಮಗೇನು ಗೊತ್ತು” ಅಂದೆ.

ಮೋರೀನಮ್ಮನ ಹೆಸರು ತೆಗೆಸಿಬಿಡು. ಕ್ಷಮೆ ಕೇಳುವ ಮಾತನ್ನು ಅವರ ಭಾಷೆಯಲ್ಲಿ ಹೇಗೆ ಹೇಳಬೇಕೋ ಹಾಗೆ ಹೇಳು, ಅದಕ್ಕಿಂತ ಒಂದು ಕೈ ಹೆಚ್ಚೇ ಹೇಳು.

ಚಂದ್ರಾವತಿ

*

ನೇಸ್
14 ಏಪ್ರಿಲ್ 2021

ಅತ್ತೆಗೆ ನಮಸ್ಕಾರಗಳು.

ನಿನ್ನೆ ಯುಗಾದಿ. ಬೇವುಬೆಲ್ಲ ಸಿಗಲಿಲ್ಲ. ಈ ವರ್ಷ ಬೇವು ಮುಂಚೆಯೇ ಬಂದುಬಿಟ್ಟಿದೆ ಎಂದುಕೊಂಡೆ.

ಒಬ್ಬರೇ ಹೊತ್ತುಕೊಳ್ಳಬೇಡಿ. ನನ್ನ ಅಡುಗೆಮನೆಯ ಇಂಗಿನ ಡಬ್ಬಿ ತಿರುಗಿಸಿ ನೋಡಿದೆ. ‘ಗೋಧಿ ಹಿಟ್ಟು’ ಎಂದು ಅಚ್ಚಾಗಿಯೇ ಇದೆ. ವರ್ಷಗಟ್ಟಲೆ ಆ ಡಬ್ಬಿ ಕೈಯಲ್ಲಿ ಹಿಡಿದಿದ್ದೇನೆ. ನೀವು ಕೊಂಡದ್ದು ಬಿಡಿ ಇಂಗು, ನನ್ನದರ ಮೇಲೆ ಬರೆದೇ ಇತ್ತು. ಇಂಗಿನಲ್ಲಿ ಗೋಧಿ ಇರಬಹುದೆಂಬ ಯೋಚನೆ ನಮ್ಮಲ್ಲಿ ಯಾರ ತಲೆಗೆ ಬರುತ್ತದೆ?

ಹೇಳಲು ಹೋದಾಗ ಮೋರೀನ್ ಹಾಸಿಗೆಯಲ್ಲಿದ್ದರು. ಕಿಟಕಿಯ ಹೊರಗೆ ನಿಂತು ಹೇಳಿದೆ. ಅಳುತ್ತಾ ಹೇಳಿದ್ದರಿಂದ ಎರಡು ಸಲ ಹೇಳಬೇಕಾಯಿತು. ಅವರು ಕೇಳಿದ್ದು, “ಇನ್ ಯಾರ್‍ಯಾರ್ ಹತ್ರ ಇದೆ ಆ ಪೊಟ್ಟಣ?” ಎಂದು. ನಾನು ಫೋನ್ ಮಾಡಿ ಎಲ್ಲರಿಗೂ ತಿಳಿಸುತ್ತೇನೆ ಅಂದೆ. “ನೀನಲ್ಲ. ಅದರ ಮೇಲಿರೋದು ನನ್ ಹೆಸ್ರು” ಅಂದರು.

ಇಲಾಖೆಗೆ ತಾವೇ ಫೋನ್ ಮಾಡಿದರು. ಉಲ್ಲಾಸನಿಗೆ ಮಾಡಿದರು. ನಮ್ಮ ಪುಡಿ ಮಾರುತ್ತಿದ್ದ ನೇಸ್‌ನ ಅಂಗಡಿಗೆ ನಡೆಯಲಾರದೆ ನಡೆದುಕೊಂಡು ಹೋಗಿ, ಮಾಸ್ಕ್ ಹಾಕಿಕೊಂಡು ಬಾಗಿಲಲ್ಲಿ ಕುರ್ಚಿ ಹಾಕಿಸಿ ಕೂತರು. ಬಂದ ಪ್ರತಿಯೊಬ್ಬರಿಗೂ, “ಈ ಪುಡಿ ಒಯ್ದಿದ್ರೆ ವಾಪಸ್ ತನ್ನಿ, ಇದ್ರಲ್ಲಿ ಗೋಧಿ ಇದೆ, ನಮ್ಗೆ ಗೊತ್ತಿರ್ಲಿಲ್ಲ” ಅಂದರು. ‘ನಮಗೆ’ ಅಂದರು, ಅತ್ತೆ, ‘ಅವರಿಗೆ’ ಅನ್ನಲಿಲ್ಲ. ಅದನ್ನು ಕೇಳಿ ನಾನು ಅಂಗಡಿಯ ಹಿಂದೆ ಹೋಗಿ ಅತ್ತುಬಿಟ್ಟೆ.

ಒಂದು ಕೆಟ್ಟ ಸುದ್ದಿ. ಡೆಕ್ಲನ್ ಕಾರ್ಕ್‌ನಿಂದ ಫೋನ್ ಮಾಡಿ ನನ್ನನ್ನು ಚೆನ್ನಾಗಿ ಬೈದ. ಅಮ್ಮನ ಹೆಸರು ಕೂಡಲೇ ತೆಗೆಯಬೇಕು, ಇಲ್ಲದಿದ್ದರೆ ವಕೀಲರನ್ನು ನೋಡುತ್ತೇನೆ ಅಂದ. ಅವನ ಜಾಗದಲ್ಲಿದ್ದರೆ ನಾನೂ ಅದನ್ನೇ ಅನ್ನುತ್ತಿದ್ದೆ. ಮೋರೀನ್ ಮಾತ್ರ, ಮೊದಲು ಮೈಗೆ ಶಕ್ತಿ ಬರಲಿ, ಆಮೇಲೆ ಹೇಳುತ್ತೇನೆ ಅಂದಿದ್ದಾರೆ.

ನಿಮ್ಮ,
ಇಂಚರಾ

*

ನೇಸ್
16 ಮೇ 2021

ಅತ್ತೆ,

ನಿಮ್ಮಿಂದ ಕಾಗದವಿಲ್ಲ, ಗಂಗಮ್ಮನ ಫೋನ್ ಸ್ವಿಚ್ ಆಫ್. ಟಿವಿಯಲ್ಲಿ ಕರ್ನಾಟಕದ ಆಸ್ಪತ್ರೆಗಳನ್ನು ತೋರಿಸುತ್ತಿದ್ದಾರೆ. ಮೋರೀನ್ ದಿನಾ ಬೆಳಿಗ್ಗೆ ಬೇಲಿ ಹತ್ತಿರ ಬಂದು “ಏನಾದ್ರೂ ಸುದ್ದಿ?” ಅಂತಾರೆ. ನನಗೆ ಇಲ್ಲ ಎಂದು ಹೇಳಿ ಸಾಕಾಗಿದೆ. ವ್ಯಾಪಾರ ಹಾಳಾಗಿಹೋಗಲಿ. ಒಂದೇ ಒಂದು ಸಾಲು ಬರೆಯಿರಿ.

ಇಂಚರಾ

*

ತಿಪಟೂರು
21 ಜೂನ್ 2021

ಚಿ. ಇಂಚರಾ,

ಬದುಕಿದ್ದೇನೆ. ಕೊರೊನಾ ಮೊದಲು ಗಂಗಮ್ಮನಿಗೆ ಬಂತು, ಆಮೇಲೆ ನನಗೆ. ಅವಳು ಬೇಗ ಎದ್ದಳು. ನಾನು ಆಸ್ಪತ್ರೆಯಲ್ಲಿ ಆಕ್ಸಿಜನ್ ಹಾಕಿಸಿಕೊಂಡು ಮಲಗಿದ್ದೆ. ಹೃಷಿಕೇಶ ಮೈಸೂರಿನಿಂದ ಬಂದು ನಿಂತು ನೋಡಿಕೊಂಡ. ಮನೆಗೆ ಬಂದ ಮೇಲೆ ಶೆಡ್ಡಿನ ಹೆಂಗಸರು ಸರದಿಯ ಮೇಲೆ ಗಂಜಿ ತಂದು ಜಗಲಿಯ ಮೇಲಿಟ್ಟು ಹೋಗುತ್ತಿದ್ದರು. ಕೆಲಸವಿಲ್ಲದ ದಿನಗಳಲ್ಲಿ ನಮ್ಮ ಮನೆಗೆ ಗಂಜಿ ಹೊತ್ತರು. ಈ ಋಣ ನಾನು ಯಾವ ಜನ್ಮದಲ್ಲಿ ತೀರಿಸಲಿ?

ನಿನ್ನ ಕಾಗದಗಳನ್ನು ಗಂಗಮ್ಮ ಈಗ ಓದಿ ಹೇಳಿದಳು. ನಾನು ಕಾಯಿಲೆ ಬಿದ್ದಿದ್ದಾಗ ಕಾಯಿಲೆಯ ಇನ್ನೊಬ್ಬರು ದಿನಾ ಬೇಲಿಯ ಹತ್ತಿರ ಬಂದು ನನ್ನನ್ನು ವಿಚಾರಿಸುತ್ತಿದ್ದರೆಂದು ಕೇಳಿ ಸುಮಾರು ಹೊತ್ತು ಗೋಡೆ ನೋಡುತ್ತಾ ಮಲಗಿದ್ದೆ.

ಅವರ ಮಗ ಹೇಳಿದ್ದೇ ಸರಿ. ಹೆಸರು ತೆಗೆಸಿಬಿಡು. ಐರ್ಲೆಂಡಿನ ಬಾಗಿಲು ಮುಚ್ಚಿತೆಂದು ಹೆಂಗಸರಿಗೆ ನಾನು ಹೇಳುತ್ತೇನೆ. ಅವರು ಅಳುತ್ತಾರೆ, ಆದರೆ ಅರ್ಥಮಾಡಿಕೊಳ್ಳುತ್ತಾರೆ. ಅವರ ಪರವಾಗಿ ಮೋರೀನಮ್ಮನಿಗೆ ಕೈಮುಗಿದು ಹೇಳು: ಕೆಟ್ಟ ಕಾಲದಲ್ಲಿ ಎಂಟು ಒಲೆ ಉರಿದದ್ದು ನಿಮ್ಮ ಹೆಸರಿನಿಂದ.

ಇಂತಿ,
ಚಂದ್ರಾವತಿ

*

ನೇಸ್
5 ಜುಲೈ 2021

ಅತ್ತೆಗೆ ನಮಸ್ಕಾರಗಳು. ಇದು ಮೋರೀನ್ ಹೇಳಿ ಬರೆಸಿದ ಕಾಗದ. ಕನ್ನಡ ಮಾತ್ರ ನನ್ನದು.

ಪ್ರಿಯ ಚಂದ್ರಾವತಿ,

ನೀವು ಹುಷಾರಾದ ಸುದ್ದಿ ಕೇಳಿ ಸಂತೋಷವಾಯಿತು. ನಾನೂ ಸುಧಾರಿಸಿದ್ದೇನೆ. ಬಟ್ಟೆಗಳು ಮತ್ತೆ ಬಿಗಿಯಾಗುತ್ತಿವೆ. ಇಂಚರಾಳ ಮೇಲೆ ಸಿಟ್ಟು ಮಾಡಬೇಡಿ, ಅವಳು ನನಗಾಗಿ ಅತ್ತು ಅತ್ತು ನನ್ನ ಹೂಗಿಡಗಳೆಲ್ಲ ಕೊಳೆಯುವಂತಾಗಿದೆ.

ನನ್ನ ಮಗ ಒಳ್ಳೆಯವನು. ತಾಯಿಯ ಮೇಲಿನ ಪ್ರೀತಿಯಿಂದ ಕೂಗಾಡುತ್ತಾನೆ. ಕೂಗಾಡಲಿ ಅಂತ ಬಿಟ್ಟೆ. ಆಮೇಲೆ ಹೇಳಿದೆ: ಡೆಕ್ಲನ್, ನನ್ನ ಅಂಗಡಿಯ ಬಾಗಿಲ ಮೇಲೆ ನನ್ನ ಹೆಸರಿತ್ತು. ಬೋರ್ಡು ಇಳಿಸಿದ ಮೇಲೆ ಆ ಹೆಸರಿಗೆ ಬರುತ್ತಿದ್ದದ್ದು ಕರೆಂಟಿನ ಬಿಲ್ಲೊಂದೇ. ಇನ್ನು ಯಾರಾದರೂ ನನ್ನ ಹೆಸರನ್ನು ಅಚ್ಚು ಹಾಕಿಸುವುದಿದ್ದರೆ ಅದು ಸಮಾಧಿಯ ಕಲ್ಲಿನ ಮೇಲೆ ಎಂದುಕೊಂಡಿದ್ದೆ. ಈ ಚಳಿಗಾಲದಲ್ಲಿ ಯಾವ ಊರಿನವರೋ ನನ್ನ ಹೆಸರು ಓದಿ ನನಗೆ ಫೋನ್ ಮಾಡಿದರು. ಉತ್ತರ ಕೊಡಲು ನನ್ನ ಹತ್ತಿರ ಏನೋ ಇತ್ತು. ಕೋವಿಡ್‌ನಲ್ಲಿ ಈ ಬೀದಿಯಲ್ಲಿ ಎಷ್ಟು ಜನ ಇಡೀ ದಿನ ಮಾತಿಲ್ಲದೆ ಕಳೆದರು ನಿಮಗೆ ಗೊತ್ತೇ? ನಾನು ಕಳೆಯಲಿಲ್ಲ.

ತಪ್ಪಾದದ್ದನ್ನು ನೀವು ಮುಚ್ಚಿಡಬಹುದಿತ್ತು. ಅಷ್ಟು ದೂರದಲ್ಲಿದ್ದೀರಿ, ಯಾರು ಬಂದು ನೋಡುತ್ತಿದ್ದರು? ನನಗೆ ಅಷ್ಟು ಸಾಕು. ಹೆಸರು ಇರಲಿ. ಕೇಳಿಕೊಳ್ಳುವುದು ಒಂದೇ: ಗೋಧಿ ಇದೆ ಎಂಬ ಮಾತನ್ನು ದಪ್ಪ ಅಕ್ಷರದಲ್ಲಿ ಹಾಕಿಸಿ. ನಾನು ತಿನ್ನಲಾರೆ, ಆದರೆ ಮಾರಬಲ್ಲೆ. ಅಂಗಡಿಯಲ್ಲಿ ನಾನು ಮಾರಿದ ಸ್ವೆಟರ್‌ಗಳನ್ನೆಲ್ಲ ನಾನೇ ಹಾಕಿಕೊಂಡೆನೇ?

ನಿಮ್ಮ ಎಂಟು ಜನಕ್ಕೂ ನನ್ನ ನಮಸ್ಕಾರ ತಿಳಿಸಿ.

ಮೋರೀನ್

*

ತಿಪಟೂರು
1 ಆಗಸ್ಟ್ 2021

ಚಿ. ಇಂಚರಾ,

ಮೋರೀನಮ್ಮನ ಕಾಗದವನ್ನು ಶೆಡ್ಡಿನಲ್ಲಿ ಎಲ್ಲರ ಮುಂದೆ ಓದಿದೆ. ಸ್ವೆಟರ್ ಮಾತಿಗೆ ಗಂಗಮ್ಮ ನಕ್ಕಳು, ನಗುತ್ತಲೇ ಸೆರಗಿನಿಂದ ಮೂಗೊರೆಸಿಕೊಂಡಳು.

ಆಯಿತು, ಅವರ ಹೆಸರಿರಲಿ. ಆದರೆ ಅವರ ಆ ಒಂದು ಮಾತನ್ನು ನಾನು ಕೇಳುವುದಿಲ್ಲ. ಹೆಸರು ಕೊಟ್ಟವರು ತಿನ್ನಲಾಗದ ಪುಡಿಯನ್ನು ನಾನು ಮಾಡುವುದಿಲ್ಲ. ಇಂಗು ಬಿಟ್ಟಿದ್ದೇನೆ. ಐರ್ಲೆಂಡಿಗೆ ಮಾತ್ರವಲ್ಲ, ಎಲ್ಲರಿಗೂ. ಶೆಡ್ಡಿನೊಳಕ್ಕೆ ಚಪಾತಿ ಡಬ್ಬಿಯನ್ನೂ ತರುವಂತಿಲ್ಲ. ಹೆಂಗಸರೆಲ್ಲ ಮುದ್ದೆ ಊಟಕ್ಕೆ ತಿರುಗಿದ್ದಾರೆ. ಮಿಷನ್ನು, ಬಾಣಲೆ, ಜರಡಿ ಹೊಸವು. ಬೆಂಗಳೂರಿನ ಲ್ಯಾಬಿಗೆ ಕಳಿಸಿ ಪರೀಕ್ಷೆ ಮಾಡಿಸಿದೆ. ಗೋಧಿಯ ಸುಳಿವೂ ಇಲ್ಲವೆಂದು ಬರೆದುಕೊಟ್ಟಿದ್ದಾರೆ. ಈ ಸಲ ನಾನು ದೇವರನ್ನು ಎಳೆದು ತರಲಿಲ್ಲ.

ಇಂಗಿಲ್ಲದ ಚಟ್ನಿಪುಡಿಯೇ ಎಂದು ಊರವರು ನಗುತ್ತಿದ್ದಾರೆ. ನಗಲಿ. ಪೊಟ್ಟಣದ ಮೇಲೆ ಕನ್ನಡದಲ್ಲಿ ಮಾತ್ರ ಅಚ್ಚು ಹಾಕಿಸಿದ್ದೇನೆ: ‘ಇಂಗು ಹಾಕಿಲ್ಲ. ಬೇಕಾದವರು ಮನೆಯಲ್ಲಿ ಹಾಕಿಕೊಳ್ಳಿ.’ ನಿಜ ಹೇಳುತ್ತೇನೆ, ರುಚಿ ಒಂದು ಮೆಟ್ಟಿಲು ಇಳಿದಿದೆ. ಕರಿಬೇವು ಹೆಚ್ಚು ಮಾಡಿ ನೋಡಿದೆ, ಆದರೂ ಇಂಗು ಇಂಗೇ. ಮೋರೀನಮ್ಮನಿಗೆ ಇದು ಗೊತ್ತಾಗುವುದು ಬೇಡ, ಪಾಪ, ನನ್ನಿಂದಾಗಿ ಹೀಗಾಯಿತಲ್ಲ ಎಂದು ನೊಂದುಕೊಳ್ಳುತ್ತಾರೆ. ಮೊದಲಿನ ಹಾಗೇ ಇದೆ ಅಂದುಬಿಡು.

ಅವರ ಡಾಕ್ಟರು ಒಪ್ಪದೆ ಒಂದು ಚಿಟಿಕೆಯನ್ನೂ ಕೊಡಬೇಡ. ಅವರು ಬೇಡ ಅಂದರೆ ಒತ್ತಾಯ ಮಾಡಬೇಡ. ಹೆದರಿದವರನ್ನು ಬಲವಂತ ಮಾಡಬಾರದು.

ಇಂತಿ,
ನಿನ್ನ ಅತ್ತೆ

*

ನೇಸ್
19 ಸೆಪ್ಟೆಂಬರ್ 2021

ಅತ್ತೆಗೆ ನಮಸ್ಕಾರಗಳು.

ಕೊನೆಯಲ್ಲಿ ‘ನಿನ್ನ ಅತ್ತೆ’ ಎಂದು ಬರೆದಿದ್ದೀರಿ. ನೋಡಿದೆ. ಅದರ ಬಗ್ಗೆ ಏನೂ ಬರೆಯುವುದಿಲ್ಲ, ಬರೆಯಹೋದರೆ ಕಾಗದ ಅಲ್ಲೇ ನಿಂತುಬಿಡುತ್ತದೆ.

ಮಾಲು ಬಂತು. ಲ್ಯಾಬಿನವರು ಬರೆದುಕೊಟ್ಟದ್ದನ್ನು ಮೋರೀನ್ ತಮ್ಮ ಡಾಕ್ಟರಿಗೆ ತೋರಿಸಿದರು. ತಿನ್ನಬಹುದು ಅಂದರು. ಡೆಕ್ಲನ್ ಕಾರ್ಕ್‌ನಿಂದ ಕಾರಿನಲ್ಲಿ ಬಂದ. ಎದುರಿಗಿದ್ದು ನೋಡಬೇಕಂತೆ. ಬಂದವನು ನನ್ನ ಮುಖ ನೋಡದೆ ಗ್ಯಾರೇಜಿನ ಪೆಟ್ಟಿಗೆಗಳನ್ನು ಸರಿಯಾಗಿ ಜೋಡಿಸಿಟ್ಟ. ಅವನು ಸಾರಿ ಹೇಳುವ ರೀತಿ ಅದು ಎಂದು ಮೋರೀನ್ ಕಿವಿಯಲ್ಲಿ ಹೇಳಿದರು.

ನಿನ್ನೆ ಶನಿವಾರ ಮಧ್ಯಾಹ್ನ ಅವರ ಅಡುಗೆಮನೆಯಲ್ಲಿ ಮೂವರೂ ಕೂತೆವು. ಒಂದೂವರೆ ವರ್ಷದಲ್ಲಿ ನಾನು ಬೇಲಿ ದಾಟಿ ಅವರ ಮೇಜಿಗೆ ಬಂದು ಕೂತದ್ದು ಇದೇ ಮೊದಲು. ಆಲೂಗಡ್ಡೆ ಬೇಯಿಸಿದ್ದರು. ಬೆಣ್ಣೆ ಹಾಕಿದರು. ಪೊಟ್ಟಣ ಕತ್ತರಿಸಿ ನಾನೇ ಒಂದು ಚಮಚ ಹಾಕಿದೆ. ಪುಡಿ ಮೇಜಿನ ಮೇಲೆಲ್ಲ ಚೆಲ್ಲಿತು. ಡೆಕ್ಲನ್ ತಾಯಿಯ ಮುಖವನ್ನೇ ನೋಡುತ್ತಿದ್ದ. ನಾನು ತಟ್ಟೆ ನೋಡುತ್ತಿದ್ದೆ. ಮೋರೀನ್ ನಮ್ಮಿಬ್ಬರನ್ನೂ ನೋಡಿ, “ಯಾರಾದ್ರೂ ಸತ್ತಿದಾರಾ?” ಎಂದು ಕೇಳಿ ಬಾಯಿಗಿಟ್ಟುಕೊಂಡರು.

ನಿಧಾನವಾಗಿ ತಿಂದರು. ಇನ್ನೊಂದು ತುತ್ತು ತಿಂದರು. ಡೆಕ್ಲನ್ ನೀರು ತರಲು ಎದ್ದು ಆಚೆ ಹೋದಾಗ ನನ್ನ ಕಡೆ ಬಗ್ಗಿದರು.

“ಏನೋ ಒಂದು ಕಮ್ಮಿ ಆಗಿದೆ. ಮೊದ್ಲು ಒಂದು ಘಾಟು ಇತ್ತಲ್ಲ, ಅದಿಲ್ಲ” ಅಂದರು. ಆಮೇಲೆ ನನ್ನ ಕೈ ಹಿಡಿದುಕೊಂಡು, “ನನಗೋಸ್ಕರ ತೆಗ್ದಿದಾರೆ, ಅಲ್ವಾ? ನನಗೆ ಗೊತ್ತಾಯ್ತು ಅಂತ ಅವ್ರಿಗೆ ಹೇಳ್ಬೇಡ. ಮೊದಲಿನ ಥರಾನೇ ಇದೆಯಂತೆ ಅಂತ ಬರಿ” ಅಂದರು.

ಹಾಗೆಂದು ಪೊಟ್ಟಣವನ್ನು ತಮ್ಮ ಕಡೆ ಎಳೆದುಕೊಂಡು ಎರಡನೇ ಚಮಚ ಹಾಕಿಕೊಂಡರು.

ನಿಮ್ಮ ಸೊಸೆ,
ಇಂಚರಾ